ಕುತ್ತಿಗೆಯೊಳಗಿನ ನಾನ್‌ಸ್ಟಾಪ್ ಬಸ್

ಅಪ್ಪಾ, ನಾನು ಪಾಸ್! ಅನಾಟಮಿಯ ಮೌಖಿಕ ಪರೀಕ್ಷೆಯಲ್ಲಿ ಬಂದದ್ದು ನಮ್ಮದೇ ಪ್ರಶ್ನೆ, ಕುತ್ತಿಗೆಯ ಕ್ಯಾರೋಟಿಡ್ ರಕ್ತನಾಳ! ಮದುವೆಯ ಹಸಿರು ಬಳೆಗಳನ್ನು ಮೇಲಕ್ಕೆ ಸರಿಸಿಕೊಂಡೆ. ಕಣ್ಣು ಮುಚ್ಚಿದೆ. ಬಸವಕಲ್ಯಾಣದ ಬಸ್ಸಿನ ಬಾಗಿಲಲ್ಲಿ ನಿಂತು ಕೂಗುವ ನಿನ್ನ ಕಂಡಕ್ಟರ್ ದನಿ ಕೇಳಿಸಿತು. ಹೊರಗಿನ ಕ್ಯಾರೋಟಿಡ್‌ನ ಕವಲುಗಳನ್ನು ನೀನು ಹಾಗೇ ಅಲ್ಲವೇ ಬಾಯಿಪಾಠ ಮಾಡಿಸಿದ್ದು? "ಥೈರಾಯ್ಡ್ ಯಾರ್ರೀ, ಮುಂದ ಬರ್ರಿ! ಗಂಟಲ ಇಳೀರಿ! ಲಗೂ ಲಗೂ, ನಾಲಿಗಿ ಬಂತು!" ಒಂದು ಸ್ಟಾಪನ್ನೂ ಬಿಡದೆ ಹೇಳಿದೆ.

ಆಮೇಲೆ ಸರ್ ಒಳಗಿನ ಕ್ಯಾರೋಟಿಡ್ ಬಗ್ಗೆ ಕೇಳಿದರು. ಕುತ್ತಿಗೆಯಲ್ಲಿ ಅದಕ್ಕೆ ಕವಲೇ ಇಲ್ಲ, ನೇರ ಮೆದುಳಿಗೆ ಹೋಗುತ್ತದೆ ಎಂದೆ. ಇದನ್ನು ನಿನಗೆ ಹೇಳಿದಾಗ, "ಅಂದ್ರ ನಾನ್‌ಸ್ಟಾಪ್ ಗಾಡಿ ಏನವ್ವ? ಕಂಡಕ್ಟರಗ ಕೆಲಸಾನೇ ಇಲ್ಲ!" ಎಂದು ನೀನು ನಕ್ಕಿದ್ದೆ.

"ಎಡಗಡೆಯದು ಮುಚ್ಚಿದರೆ?" ಎಂದರು ಸರ್. ಬಲಗೈ, ಬಲಗಾಲು, ಮಾತು, ಓದು ಎಲ್ಲ ಹೋಗುತ್ತವೆ ಎಂದೆ. ಪುಸ್ತಕ ನೆನಪಾಗಲೇ ಇಲ್ಲ ಅಪ್ಪಾ. ಮದುವೆಯ ಚಪ್ಪರ ಬಿಚ್ಚುವ ಮೊದಲೇ ನಿನಗೆ ಲಕ್ವಾ ಹೊಡೆದದ್ದು ಕಣ್ಣ ಮುಂದಿತ್ತು.

ಅವ್ವನಿಗೆ ಫೋನ್ ಮಾಡಿದೆ. "ನಿಮ್ಮಪ್ಪಗ ಪಾಸಾಗ್ಯಾಳ ಅಂತ ಹೇಳೀನವ್ವ. ಬರೇ ನೋಡಾಕತ್ತಾರ," ಎಂದಳು.

ನೀನು ಓದಲಾರೆ ಎಂದು ಗೊತ್ತಿದ್ದೇ ಬರೆಯುತ್ತಿದ್ದೇನೆ. ಬಸವಕಲ್ಯಾಣದ ಅತ್ತೆಮನೆಗೆ ಆಮೇಲೆ ಹೋಗುತ್ತೇನೆ, ನಿನ್ನ ಅಳಿಯ ಗುರುಶಾಂತ ಒಪ್ಪಿದ್ದಾರೆ. ಮೊದಲು ನಿನ್ನ ಹಾಸಿಗೆಯ ಬಳಿ ಕೂರುತ್ತೇನೆ. ಥೈರಾಯ್ಡ್, ಗಂಟಲು ನಾನು ಕೂಗುತ್ತೇನೆ. ನಾಲಿಗೆ ನೀನು ಕೂಗು. ಅರ್ಧ ಕೂಗಿದರೂ ಸಾಕು, ದಯವಿಟ್ಟು, ಅಪ್ಪಾ. ಭಾನುವಾರ ಹುಮನಾಬಾದಿನ ನಮ್ಮ ಮನೆಗೆ ಬರುತ್ತಿದ್ದೇನೆ, ಕಲಬುರಗಿ–ಬೀದರ್ ಪ್ಯಾಸೆಂಜರ್ ರೈಲಿಗೆ.