ಮುಳುಗುವವರ ಚಡ್ಡಿ

ಬಂದರಿನ ಹೊಲಿಗೆ ಷೆಡ್ಡು
೧೪-೧-೧೯೫೮

ಶಿರಾದ ನಬೀ ಸಾಬ್ ಚಾಚಾರಿಗೆ ನಿಮ್ಮ ಕುತುಬುದ್ದೀನನ ಸಲಾಂ.

ಇಲ್ಲಿ ದಡದ ಹತ್ತಿರ ಹಡಗು ಒಡೆದರೆ, ಪಟಾಕಿ ಬಾಣದಂಥದಕ್ಕೆ ಹುರಿ ಕಟ್ಟಿ ಹಡಗಿನ ಮೇಲೆ ಹಾರಿಸುತ್ತಾರೆ. ಹಡಗಿನವರು ಆ ಹುರಿ ಹಿಡಿದು ದಪ್ಪ ಹಗ್ಗ ಎಳೆದುಕೊಂಡು ಕಂಬಕ್ಕೆ ಕಟ್ಟುತ್ತಾರೆ. ಆಮೇಲೆ ಆ ಹಗ್ಗದ ಮೇಲೆ ಒಂದು ಚಡ್ಡಿ ಹೋಗುತ್ತದೆ. ಸುಳ್ಳಲ್ಲ ಚಾಚಾ, ಟಯರಿನಂಥ ತೇಲುವ ಬಳೆಗೆ ಹೊಲಿದ ಕ್ಯಾನ್ವಾಸ್ ಚಡ್ಡಿ. ಅದರಲ್ಲಿ ಒಬ್ಬೊಬ್ಬರನ್ನೇ ಕೂರಿಸಿ ದಡಕ್ಕೆ ಎಳೆಯುತ್ತಾರೆ.

ಹಳೆಯದು ಹರಿದಿತ್ತು, ಹೊಸದು ಹೊಲಿ ಎಂದರು. ಅಳತೆಯಿಲ್ಲದೆ ಕತ್ತರಿ ಹಾಕಬಾರದೆಂದು ನೀವೇ ಕಲಿಸಿದ್ದು. ಷೆಡ್ಡಿನಲ್ಲಿ ಬೇರೆ ಯಾರೂ ಇರಲಿಲ್ಲ, ನನ್ನದೇ ಅಳತೆ ಹಾಕಿದೆ. ನನ್ನ ಕಡ್ಡಿಕಾಲು ನಿಮಗೆ ಗೊತ್ತೇ ಇದೆ.

ನಿನ್ನೆ, ನಿಂತಿದ್ದ ಹಡಗೊಂದರಿಂದ ದಡಕ್ಕೆ ಹಗ್ಗ ಕಟ್ಟಿ, ಅದರ ಪರೀಕ್ಷೆ. ನಮ್ಮ ದಢೂತಿ ಸಾಹೇಬರು ತಾವೇ ತುರುಕಿಕೊಂಡು ಕೂತರು. ಅವರ ಭಾರಕ್ಕೆ ಹಗ್ಗ ಜೋತು, ನೀರಲ್ಲಿ ನೆಂದು ಕ್ಯಾನ್ವಾಸು ಇನ್ನಷ್ಟು ಬಿಗಿಯಿತು. ದಡಕ್ಕೇನೋ ಬಂದರು, ಚಡ್ಡಿಯಿಂದ ಹೊರಗೆ ಬರಲಿಲ್ಲ. ನಾಲ್ಕು ಜನ ಎಳೆದು ಸೋತ ಮೇಲೆ ಕತ್ತರಿಯ ಸಮೇತ ನನ್ನನ್ನು ಕರೆಸಿದರು.

"ಯಾರ ಅಳತೆಯೋ ಇದು?"

"ನಂದೇ ಸ್ವಾಮಿ. ಮುಳುಗೋರು ಯಾರೂ ಅಳತೆ ಕೊಡಾಕೆ ಬರ್ನಿಲ್ಲ," ಎಂದೆ.

ಎಲ್ಲರೂ ನಕ್ಕರು. ಸಾಹೇಬರು ನಗಲಿಲ್ಲ, ನಾಳೆಯೊಳಗೆ ಸಡಿಲವಾದದ್ದು ಹೊಲಿದರೆ ಮಾತ್ರ ಕೆಲಸ ಉಳಿಯುತ್ತದೆ ಎಂದರು. ನಾನು ಕತ್ತರಿ ಹಾಕುವ ಮೊದಲೇ ಟೇಪು ಸುತ್ತಿ ಅವರ ತೊಡೆ ಅಳೆದುಕೊಂಡೆ.

ಕೆಮ್ಮು ವಾಸಿಯಾಗಿದೆ, ಅಮ್ಮನಿಗೆ ಹೇಳಿ. ಕಾರ್ಡಿನಲ್ಲಿ ಜಾಗ ಮುಗಿಯಿತು. ಇನ್ನು ಈ ಕಡಲಲ್ಲಿ ಯಾರೇ ಮುಳುಗಲಿ, ಸಾಹೇಬರ ಚಡ್ಡಿಯಲ್ಲೇ ದಡ ಸೇರಬೇಕು.

ಕುತುಬುದ್ದೀನ್