ಹೊಳೆದಾರಿಗೆ ಬಿದ್ದ ಗೇಟು

ಜೂನ್ 4, ಭಾನುವಾರ

ಎಂದಿನಂತೆ ನಡಿಗೆ ಗುಂಪಿನೊಂದಿಗೆ ಹೊಳೆದಾರಿ. ಕತ್ತಿ ನನ್ನದು, ಮುಳ್ಳು ಸವರಿದ್ದೂ ನಾನೇ. ಹೊಗಳಿಕೆ ಮಾತ್ರ ದನದ ಡಾಕ್ಟರಿಗೆ. ಮೊನ್ನೆ ಮೊನ್ನೆ ಊರಿಗೆ ಬಂದವಳು, ಎಲ್ಲರ ಬಾಯಲ್ಲೂ ಅವಳೇ. ಇವತ್ತು ಇವರೂ ಹೊರಟರು — ನನ್ನ ಗಂಡ! ಹೊಸ ಶೂ ಬೇರೆ. ಇಷ್ಟು ವರ್ಷ ಕರೆದಾಗಲೆಲ್ಲ "ವಾಚ್ ರಿಪೇರಿ ಬಾಕಿ ಇದೆ ಕಣೆ" ಅನ್ನುತ್ತಿದ್ದ ಮನುಷ್ಯ. ದಾರಿಯುದ್ದಕ್ಕೂ ಅವಳ ಜೊತೆ ಹಿಂದುಗಡೆ, ಅದೇನು ನಗು... ಹೊಟ್ಟೆ ಉರಿಯಿತು. ಬರೆದೇ ಬಿಡುತ್ತೇನೆ, ಯಾರು ಓದುತ್ತಾರೆ.

ಜೂನ್ 11, ಭಾನುವಾರ

ದಾರಿಗೆ ಗೇಟು ಬಿದ್ದಿದೆ. ಬೀಗ ಕೂಡ. ದಾರಿ ಪಕ್ಕದ ತೋಟ ಕೊಂಡ ಹೊಸ ಮಾಲೀಕ ಒಳಗೆ ನಿಂತಿದ್ದ.

"ಇದು ಪ್ರೈವೇಟ್. ದಾರಿ ಗೀರಿ ಏನೂ ಇಲ್ಲ ಇಲ್ಲಿ."

ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರ್— "ಇದು ಎಲ್ಲರ ದಾರಿ ಸಾರ್. ಕಂಪ್ಲೇಂಟ್ ಕೊಡ್ತೀವಿ."

ಗುಂಪೆಲ್ಲ ಚಪ್ಪಾಳೆ. ಇವರದೇ ಜೋರು.

ಜೂನ್ 19, ಸೋಮವಾರ

ಅವಳು ನನ್ನ ಮೆಡಿಕಲ್ ಶಾಪಿಗೆ ಬಂದಳು. ಕೊಟ್ಟ ಕಂಪ್ಲೇಂಟಿಗೆ ಬುಧವಾರ ತಾಲ್ಲೂಕು ಕಚೇರಿಯ ಅಧಿಕಾರಿ ಸ್ಥಳ ನೋಡಲು ಬರುತ್ತಾರಂತೆ. ಬಹಳ ಕಾಲದಿಂದ ಓಡಾಡಿದವರು ಹೇಳಿಕೆ ಕೊಡದಿದ್ದರೆ ದಾರಿ ಹೋದಂತೆಯೇ.

"ಗುಂಪಲ್ಲಿ ಹಳಬರು ನೀವೊಬ್ರೇ ಅಕ್ಕ. ನನ್ನ ಮಾತು ನಡಿಯಲ್ಲ."

"ಅಂಗಡಿ ಬಿಟ್ಟು ಬರೋಕಾಗಲ್ಲ."

ಅವಳ ಮುಖ ಚಿಕ್ಕದಾಯಿತು. ಎಷ್ಟು ಹಿತವಾಯಿತು!

ಸಂಜೆ ಇವರಿಗೆ ಗೊತ್ತಾಗಿ ಮಾತು ಬೆಳೆಯಿತು. "ಅವಳಿಗೋಸ್ಕರ ನಾನ್ಯಾಕೆ ಹೋಗ್ಲಿ? ನೀವೇ ಹೋಗಿ, ಹೊಸ ಶೂ ಇದೆಯಲ್ಲ!"

ಇವರು ತಟ್ಟೆ ಸರಿಸಿದರು. "ಮದುವೆಯಾದ ಹೊಸದ್ರಲ್ಲಿ ಒಂದ್ಸಲ ನಿನ್ ಜೊತೆ ಬಂದಿದ್ದೆ. ನೀನು ಸರಸರ ಹೋಗ್ಬಿಟ್ಟೆ, ತಿರುಗಿ ಕೂಡ ನೋಡ್ಲಿಲ್ಲ. ನಾನು ನಿಂತ್ರೆ ಆ ಡಾಕ್ಟ್ರೂ ನಿಲ್ತಾರೆ ಕಣೆ. ಅಷ್ಟೇ."

ಅಷ್ಟೇ ಅಂತೆ. 

ಜೂನ್ 21, ಬುಧವಾರ

ಹೋದೆ. ಅವಳಿಗಾಗಿ ಅಲ್ಲ.

"ಯಾವಾಗಿಂದ ಓಡಾಡ್ತಿದೀರಮ್ಮ?" ಅಧಿಕಾರಿ ಕೇಳಿದರು.

"ಅಮ್ಮನ ಸೊಂಟದ ಮೇಲಿದ್ದಾಗಿಂದ. ಬಟ್ಟೆ ಒಗೆಯೋಕೆ ಇದೇ ದಾರಿ."

"ಶುದ್ಧ ಸುಳ್ಳು!" ಮಾಲೀಕ ಹಾರಿಬಿದ್ದ.

"ಆ ಪೊದೆ ಸರಿಸಿ ನೋಡಿ. ಕಲ್ಲಿನ ಮೆಟ್ಟಿಲಿದೆ, ಸವೆದು ಹೋಗಿದೆ. ನೀವೊಬ್ರೇ ಸವೆಸಿದ್ರಾ?"

ಪೊದೆ ಸರಿಸಿದರು. ಮೆಟ್ಟಿಲಿತ್ತು. ಬೀಗ ತೆಗೆಯಲು ಅಲ್ಲೇ ಆದೇಶವಾಯಿತು. ಡಾಕ್ಟರ್ ಓಡಿಬಂದು ನನ್ನ ಕೈ ಹಿಡಿದುಕೊಂಡಳು. ಬಿಡಿಸಿಕೊಂಡೆ... ತಕ್ಷಣ ಅಲ್ಲ.

ಜೂನ್ 25, ಭಾನುವಾರ

ಬೇಕೆಂದೇ ಇವರ ಪಕ್ಕ ನಡೆದೆ. ಎಂಥ ಹಿಂಸೆ! ಹಕ್ಕಿ ಕಂಡರೆ ನಿಲ್ಲುತ್ತಾರೆ, ಕಲ್ಲು ಕಂಡರೂ ನಿಲ್ಲುತ್ತಾರೆ. ಮುಂದಿನ ತಿರುವಿನಲ್ಲಿ ಡಾಕ್ಟರ್ ಕಾಯುತ್ತಿದ್ದಳು. ಇವರು ಕೈ ಬೀಸಿದರು. "ನೀವು ನಡೀರಿ ಡಾಕ್ಟ್ರೇ, ಇವಳಿದಾಳೆ."

ಪೊದೆಯೊಳಗಿನ ಒಂದು ಗೂಡು ತೋರಿಸಿದರು. ನನ್ನದೇ ದಾರಿಯಲ್ಲಿ, ನಾನೇ ನೋಡಿರದ ಗೂಡು.

"ಅವಳಿಗೂ ತೋರಿಸಿದ್ರಾ?" ಕೇಳಿಯೇಬಿಟ್ಟೆ.

ಇವರು ನಗು ತಡೆದುಕೊಂಡು ನನ್ನ ಮುಖವನ್ನೇ ನೋಡಿದರು. ಆಮೇಲೆ, ಕಿವಿಯ ಹತ್ತಿರ ಬಂದು, "ಇಲ್ಲ ಕಣೆ, ನೀನು ನಿಲ್ಲಲಿ ಅಂತ ಕಾಯ್ತಿದ್ದೆ," ಅಂದರು.