ಬೀಗಕ್ಕಿಂತ ಭದ್ರವಾದ ಬೇವು

ತೊರೆಕೊಪ್ಪಲು, ಹಲಗೂರು ಹೋಬಳಿ
೯–೬–೧೯೭೪, ಭಾನುವಾರ

ಚಿರಂಜೀವಿ ರಾಮಾನುಜ,

ನಿನಗೂ ಚೂಡಾಮಣಿಗೂ ಮಗುವಿಗೂ ನಿನ್ನ ಅಣ್ಣನ ಆಶೀರ್ವಾದ. ಮಂಡ್ಯದ ನೀರು ಮಗುವಿಗೆ ಒಗ್ಗಿತೆ? ಕುದಿಸಿ ಆರಿಸಿದ ನೀರನ್ನಲ್ಲದೆ ಬೇರೇನನ್ನೂ ಕುಡಿಸಬೇಡಿ. ಈ ಮಾತನ್ನು ಚೂಡಾಮಣಿಗೆ ಎರಡು ಸಲ ಹೇಳು, ನಿನಗೆ ನೀನೇ ಮೂರು ಸಲ ಹೇಳಿಕೊ. ನಿನ್ನ ಮಾವನವರ ಮಂಡಿನೋವು ಕಡಿಮೆಯಾಗಿದೆಯೆಂದು ನಂಬಿದ್ದೇನೆ. ಉಭಯ ಕುಶಲೋಪರಿ ಎಂದು ಬರೆಯುವುದು ನಮ್ಮ ಮನೆಯ ವಾಡಿಕೆ. ಅಪ್ಪ ತಮ್ಮ ಕೊನೆಯ ಕಾಗದದಲ್ಲೂ ಅದನ್ನು ಬಿಟ್ಟಿರಲಿಲ್ಲ. ಈ ಸಲ ನನಗೆ ಅದನ್ನು ಬರೆಯಲು ಕೈ ಬರಲಿಲ್ಲ. ನೀವು ಕುಶಲವೆಂದು ನಿನ್ನ ಕಾರ್ಡಿನಿಂದ ತಿಳಿಯಿತು. ನಾನೂ ನಿನ್ನ ಅತ್ತಿಗೆ ತಿರುಮಲಮ್ಮನೂ ಗಟ್ಟಿಯಾಗಿದ್ದೇವೆ. ಊರು ಕುಶಲವಾಗಿಲ್ಲ.

ನಿನ್ನ ಕಾರ್ಡು ಶುಕ್ರವಾರ ತಲಪಿತು. ಅಂಚೆಯವನು ಊರೊಳಗೆ ಕಾಲಿಡದೆ ರಸ್ತೆಯ ಬದಿಯ ಮೈಲಿಗಲ್ಲಿನ ಮೇಲೆ ಅದನ್ನಿಟ್ಟು, ಮೇಲೊಂದು ಕಲ್ಲು ಹೇರಿ ಹೋಗಿದ್ದ. ಬಸ್ಸೂ ಈಗ ನಮ್ಮಲ್ಲಿ ನಿಲ್ಲುವುದಿಲ್ಲ. ಹಲಗೂರಿನಲ್ಲಿ ಕಂಡಕ್ಟರು ಬಾಗಿಲಿಗೆ ಕೈ ಅಡ್ಡ ಹಿಡಿದು ‘ಕೊಪ್ಪಲಿನೋರು ಯಾರೂ ಅತ್ಬೇಡಿ’ ಎನ್ನುತ್ತಾನೆ. ಕಾರ್ಡಿನಲ್ಲಿ ನೀನು ಬರೆದದ್ದು ನಾಲ್ಕೇ ಸಾಲು: ‘ನಾವು ಕ್ಷೇಮ. ಮನೆಯ ಕಡೆ ಕಣ್ಣಿಟ್ಟಿರು ಅಣ್ಣಯ್ಯ. ಬೀಗ ನೋಡುತ್ತಿರು. ಬೇವು ಒಣಗಿದ್ದರೆ ಹೊಸದು ಕಟ್ಟಿಸು.’ ಊರಿನಲ್ಲಿ ಯಾರು ಮಲಗಿದರು, ಯಾರು ಎದ್ದರು ಎಂದು ಒಂದು ಪ್ರಶ್ನೆಯೂ ಅದರಲ್ಲಿರಲಿಲ್ಲ. ನಿನಗೆ ಅಕ್ಷರ ತಿದ್ದಿಸಿದವನು ನಾನು. ಆ ಅಕ್ಷರದಲ್ಲಿ ಆ ನಾಲ್ಕು ಸಾಲನ್ನು ಓದಿದಾಗ ನನಗಾದ ಅವಮಾನವನ್ನು ನೀನು ತಿಳಿದುಕೊಳ್ಳಲೇಬೇಕೆಂದು ಇಷ್ಟುದ್ದ ಬರೆಯುತ್ತಿದ್ದೇನೆ. ಕೊನೆಯವರೆಗೂ ಓದು.

ಹೊಳೆಯಾಚೆ ವಾಂತಿಭೇದಿ ಕಾಣಿಸಿತು, ಹಲಗೂರಿನ ಸಂತೆ ನಿಲ್ಲಿಸುತ್ತಾರಂತೆ ಎಂಬ ಸುದ್ದಿ ಬಂದ ದಿನ ನೀನೂ ಇಲ್ಲಿದ್ದೆ. ಅಂಗಡಿಯ ಮುಂದೆ ಜನ ಒಬ್ಬರ ಹೆಗಲ ಮೇಲೊಬ್ಬರು ಬಿದ್ದು ಉಪ್ಪು, ಸೀಮೆಎಣ್ಣೆ, ಮೆಣಸಿನಕಾಯಿ ಕೊಳ್ಳುತ್ತಿದ್ದರು. ಬೀಡಿಯನ್ನೇ ಮುಟ್ಟದ ಹೊನ್ನಯ್ಯ ನಲವತ್ತು ಬೆಂಕಿಪೊಟ್ಟಣ ಕಟ್ಟಿಸಿಕೊಂಡ. ‘ಯಾವ್ ಕಾಡ್ ಸುಡಕ್ ಒಂಟಿದ್ದೀಯಲಾ’ ಎಂದು ಯಾರೋ ಕೆಣಕಿದರೆ, ‘ಎಲ್ರೂ ತಗೋತಾವ್ರೆ, ನಾನೊಬ್ನೇ ಕತ್ಲಲ್ಲಿ ಸಾಯ್ಲಾ?’ ಎಂದ. ನಾನೂ ನಕ್ಕೆ. ಆ ಸಂಜೆ ನೀನು ಮಳವಳ್ಳಿಯ ಕಚೇರಿಯಿಂದ ಗಾಡಿ ಮಾಡಿಕೊಂಡು ಒಂದು ಮೂಟೆ ಸಕ್ಕರೆ, ಎರಡು ಮೂಟೆ ಉಪ್ಪು ತಂದಿಳಿಸಿದಾಗ ನನ್ನ ನಗು ನಿಂತಿತು. ಗುಮಾಸ್ತನೊಬ್ಬನಿಗೆ ಒಂದು ಮೂಟೆ ಸಕ್ಕರೆ ಹೇಗೆ ಸಿಕ್ಕಿತೆಂದು ನಾನು ಅಂದೇ ಕೇಳಬೇಕಿತ್ತು. ಮರುದಿನ ನೀನು ಸಂಸಾರ ಸಮೇತ ಮಂಡ್ಯಕ್ಕೆ ಹೊರಟೆ. ಬಾಗಿಲಿಗೆ ಬೀಗ ಹಾಕಿದ ಮೇಲೆ ಕಟ್ಟೆಯ ಮರದಿಂದ ಬೇವಿನ ಕೊಂಬೆ ಮುರಿದು ತಂದು ತೋರಣ ಕಟ್ಟಿದೆ. ಯಾರಿಗೆ ಏನಾಗಿದೆಯೋ ಎಂದು ನಾನು ಗಾಬರಿಯಿಂದ ಕೇಳಿದ್ದಕ್ಕೆ, ‘ಬೀಗಕ್ಕಿಂತ ಬೇವು ಭದ್ರ ಅಣ್ಣಯ್ಯ’ ಎಂದು ಕಣ್ಣು ಮಿಟುಕಿಸಿದೆ.

ನಮ್ಮ ಸೀಮೆಯಲ್ಲಿ ಸಿಡುಬಾಗಲಿ ವಾಂತಿಭೇದಿಯಾಗಲಿ ಅಮ್ಮ ಬಂದಳೆಂದೇ ಲೆಕ್ಕ. ಬೇವು ಕಟ್ಟಿದ ಮನೆಯ ಬಾಗಿಲನ್ನು ಯಾರೂ ತಟ್ಟುವುದಿಲ್ಲ, ಆ ಮನೆಯಿಂದ ಏನನ್ನೂ ಕೇಳುವುದಿಲ್ಲ, ಹೆಸರು ಹಿಡಿದು ಕೂಗುವುದೂ ಇಲ್ಲ. ಕಾಯಿಲೆಯ ಮನೆಯನ್ನು ಅದರ ಪಾಡಿಗೆ ನೆಮ್ಮದಿಯಾಗಿ ಬಿಡಲೆಂದು ಹಿರಿಯರು ಮಾಡಿಕೊಂಡ ಏರ್ಪಾಡು ಅದು. ನೀನು ಏಳು ವರ್ಷದವನಿದ್ದಾಗ ನಮ್ಮ ಬಾಗಿಲಿಗೆ ನಿಜವಾದ ಬೇವು ಕಟ್ಟಿತ್ತು. ಮೈತುಂಬ ಸಿಡುಬು ಎದ್ದು ನೀನು ಬಾಳೆಯೆಲೆಯ ಮೇಲೆ ಮಲಗಿದ್ದ ಇಪ್ಪತ್ತೊಂದು ದಿನವೂ ನಮ್ಮ ಜಗಲಿಯ ತುದಿಯಲ್ಲಿ ಬೆಳಗಾಗುವುದರೊಳಗೆ ಒಂದು ಎಳನೀರು ಇರುತ್ತಿತ್ತು. ಇಟ್ಟು ಹೋಗುತ್ತಿದ್ದವನು ಕೆಂಪಸಿದ್ದಯ್ಯ, ಗದ್ದೆಗಳಿಗೆ ನಾಲೆಯ ನೀರು ಹಾಯಿಸುವ ನಮ್ಮೂರ ನೀರುಗಂಟಿ. ಬಾಗಿಲು ತಟ್ಟಲಿಲ್ಲ, ಕೂಗಲಿಲ್ಲ, ಒಂದು ದಿನವೂ ತಪ್ಪಿಸಲಿಲ್ಲ. ಅವನ ಹೆಸರನ್ನು ನೆನಪಿನಲ್ಲಿಟ್ಟುಕೊ.

ನಿನ್ನ ಉಪಾಯವನ್ನು ಬೀದಿ ಎರಡೇ ದಿನದಲ್ಲಿ ಕಲಿತುಬಿಟ್ಟಿತು. ಕೊಂಡು ತುಂಬಿಸಿಕೊಂಡವರಿಗೆ ಇದ್ದ ಭಯ ಒಂದೇ, ನೆರೆಯವರು ಪಾವು ಉಪ್ಪು ಕೊಡಿ ಎಂದು ಬಂದಾರು ಎಂಬುದು. ಅಂಕಯ್ಯ ಕಟ್ಟಿದ, ಹೊನ್ನಯ್ಯ ಕಟ್ಟಿದ, ಸೋಮವಾರದ ಹೊತ್ತಿಗೆ ಬೀದಿಯ ಹತ್ತೊಂಬತ್ತು ಬಾಗಿಲಿಗೂ ಬೇವು. ಕಟ್ಟೆಯ ಮರದಲ್ಲಿ ಎಟುಕುವ ಕೊಂಬೆಯಲ್ಲಿ ಒಂದೆಲೆ ಉಳಿಯಲಿಲ್ಲ. ಆ ಹತ್ತೊಂಬತ್ತರಲ್ಲಿ ನನ್ನ ಮನೆಯೂ ಒಂದು, ರಾಮಾನುಜ. ನಿನ್ನ ಅತ್ತಿಗೆ ಕಟ್ಟಿದಳು. ನಾನು ಕಂಡೂ ಸುಮ್ಮನಿದ್ದೆ. ಶಾಲೆಯ ಹಳೆಯ ಉತ್ತರಪತ್ರಿಕೆಗಳ ಕೆಳಗೆ ಟ್ರಂಕಿನಲ್ಲಿ ಅವಳು ಬಚ್ಚಿಟ್ಟಿದ್ದ ಸಕ್ಕರೆಯಲ್ಲಿ ಎರಡು ದಿನ ಕಾಫಿ ಕುಡಿದೆ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಪಾಠ ಹೇಳಿದ ಮೇಷ್ಟರು ನಾನು. ಆದುದರಿಂದ ಈ ಸಿಟ್ಟು ನಿನ್ನೊಬ್ಬನ ಮೇಲಲ್ಲ. ಆದರೆ ಮೊದಲ ಕೊಂಬೆ ಮುರಿದವನು ನೀನೇ.

ಮಂಗಳವಾರ ಆಸ್ಪತ್ರೆಯ ಕಡೆಯಿಂದ ಯಶೋದಮ್ಮ ಎಂಬ ನರ್ಸು ಬಂದಳು. ವೈದ್ಯನಾಥಪುರದ ಹುಡುಗಿ, ವಯಸ್ಸು ಇಪ್ಪತ್ತೆರಡು ದಾಟಿಲ್ಲ. ಬಸ್ಸಿನವನು ಇಳಿಸಲೊಪ್ಪದ್ದರಿಂದ ಔಷಧದ ಪೆಟ್ಟಿಗೆ ಹೊತ್ತು ನಡೆದೇ ಬಂದಿದ್ದಳು. ಬೇವು ಕಟ್ಟಿದ ಮನೆಗೆ ಮೊದಲು ಹೋಗಬೇಕೆಂದು ಅವಳಿಗೆ ಕಲಿಸಿದ್ದಾರೆ. ಮಂಗಳವಾರ ಪೂರ್ತಿ, ಬುಧವಾರ ಪೂರ್ತಿ ಅವಳು ಒಂದೊಂದೇ ಬಾಗಿಲು ತಟ್ಟಿದಳು. ಕೆಲವರು ತೆಗೆಯಲಿಲ್ಲ, ತೆಗೆದವರು ತಬ್ಬಿಬ್ಬಾದರು. ಬುಧವಾರ ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು, ಬೊಬ್ಬೆಯೆದ್ದ ಕಾಲನ್ನು ಒತ್ತಿಕೊಳ್ಳುತ್ತ, ‘ಹತ್ತೊಂಬತ್ತು ಬಾಗ್ಲು ತಟ್ಟಿದೆ ಮೇಷ್ಟ್ರೇ. ಒಂದ್ ಮನೇಲೂ ಕಾಯ್ಲೆ ಇಲ್ಲ, ಎಲ್ಲಾ ಮನೇಲೂ ಒಗ್ಗರಣೆ ಐತೆ’ ಎಂದಳು. ಅಮ್ಮ ಇರುವ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲವೆಂಬುದು ಮಕ್ಕಳಿಗೂ ಗೊತ್ತು. ಅವಳು ಸಿಟ್ಟಾಗಿದ್ದರೆ ತಡೆದುಕೊಳ್ಳುತ್ತಿದ್ದೆ. ಅವಳು ನಮ್ಮ ಮನೆಯ ತೋರಣವನ್ನು ನೋಡಿ, ನನ್ನ ಮುಖವನ್ನು ನೋಡಿ, ಮತ್ತೆ ಕಾಲು ಒತ್ತಿಕೊಳ್ಳತೊಡಗಿದಳು. ಆಗ ಎದ್ದು ನನ್ನ ಬಾಗಿಲಿನ ಬೇವನ್ನು ನಾನೇ ಕಿತ್ತೆಸೆದೆ.

ಗುರುವಾರ ಬೆಳಿಗ್ಗೆ ಕೆಂಪಸಿದ್ದಯ್ಯನ ಹೆಂಡತಿ ದೇವಿರಮ್ಮ ಬಂದು ನಿಂತಳು. ಗಂಡ ಮಂಗಳವಾರ ಬೆಳಿಗ್ಗೆಯೇ ಮಲಗಿದ್ದನಂತೆ. ನಾಲೆಯ ಪಕ್ಕದ ಕೇರಿಯಲ್ಲಿರುವ ಅವರ ಮನೆಗೆ ಕಟ್ಟಲು ಬೇವು ತರಹೋದರೆ ಮರದಲ್ಲಿ ಎಲೆಯಿಲ್ಲ. ಬೇವಿಲ್ಲದ ಮನೆಯೆಂದು ನರ್ಸು ಅತ್ತ ಹೋಗಲಿಲ್ಲ. ನರ್ಸು ಬಂದಿರುವ ಸುದ್ದಿಯೂ ಅಲ್ಲಿಗೆ ಮುಟ್ಟಿರಲಿಲ್ಲ. ಬುಧವಾರ ನಸುಕಿನಲ್ಲೇ, ನರ್ಸು ಬೀದಿಗಿಳಿಯುವ ಮೊದಲೇ, ದೇವಿರಮ್ಮ ಸಹಾಯ ಕೇಳಲು ಬೀದಿಯ ಈ ತುದಿಯಿಂದ ಆ ತುದಿಗೆ ನಡೆದಿದ್ದಾಳೆ. ಅವಳ ಮಾತನ್ನು ಇದ್ದಂತೆಯೇ ಬರೆಯುತ್ತೇನೆ: ‘ಎಲ್ಲಾರ್ ಮನೇಗೂ ಅಮ್ಮ ಬಂದವ್ಳೆ, ನನ್ದೊಂದೇ ಕಷ್ಟ ಅಂತ ಯಾರ್ನ ಕೇಳ್ಳಿ ಬುದ್ಧಿ? ಒಂದೊಂದ್ ಬಾಗ್ಲಿಗೂ ಕೈ ಮುಗ್ದು, ಇವ್ರ್ ಮಕ್ಳ ಕಾಪಾಡವ್ವ ಅಂದ್ಬುಟ್ಟು ವಾಪಸ್ ಓದೆ. ಇವತ್ತು ನಿಮ್ದೊಂದೇ ಬಾಗ್ಲು ಬರಿದಾಗಿತ್ತು, ಬಂದೆ.’ ಗಂಡ ಸಾಯುತ್ತಿರುವಾಗ ಅವಳು ನಮಗಾಗಿ ಬೇಡಿಕೊಂಡಳು. ಬುಧವಾರ ಅವಳು ಕೈಮುಗಿದು ಹಿಂದಿರುಗಿದ ಬಾಗಿಲುಗಳಲ್ಲಿ ನನ್ನದಿತ್ತು, ನಿನ್ನದಿತ್ತು.

ಯಶೋದಮ್ಮನೂ ನಾನೂ ಓಡಿದೆವು. ಅವಳ ಹತ್ತಿರ ರಕ್ತನಾಳಕ್ಕೆ ಏರಿಸುವ ನೀರಿನ ಬಾಟಲಿ ಎರಡೇ ಇದ್ದವು. ಎರಡನ್ನೂ ಕೆಂಪಸಿದ್ದಯ್ಯನಿಗೆ ಏರಿಸಿದಳು. ಮಧ್ಯಾಹ್ನದ ಹೊತ್ತಿಗೆ ಅವನು ಹೋದ. ಮಂಗಳವಾರವೇ ಏರಿಸಿದ್ದರೆ ಉಳಿಯುತ್ತಿದ್ದನೆಂದು ಆ ಹುಡುಗಿ ಹೇಳಿದಳು. ಮಂಗಳವಾರ ಅವಳು ಅಲ್ಲಿಂದ ಕೂಗಳತೆಯಲ್ಲೇ ಇದ್ದಳು, ಅಂಕಯ್ಯನ ಬಾಗಿಲು ತಟ್ಟುತ್ತಿದ್ದಳು. ಗೋಡೆಯ ಪಕ್ಕದಲ್ಲಿ ಮಗಳು ಇಂದ್ರಮ್ಮ ಮಲಗಿದ್ದಳು. ಏಳನೆಯ ತರಗತಿಯ ಪರೀಕ್ಷೆಯಲ್ಲಿ ಈ ಸಲ ನಮ್ಮ ಶಾಲೆಗೇ ಮೊದಲು ಬಂದವಳು. ಹೈಸ್ಕೂಲಿಗೆ ಹೋಗಲಿರುವ ಆ ಕೇರಿಯ ಮೊದಲನೆಯ ಹುಡುಗಿ. ಭೂಪಟದಲ್ಲಿ ಶಿಂಷಾ ನದಿಯನ್ನು ಬರೆಯುವಾಗ ಅದರ ಪಕ್ಕದಲ್ಲಿ ತನ್ನ ಮನೆಯನ್ನೂ ಚುಕ್ಕಿಯಿಟ್ಟು ತೋರಿಸುತ್ತಿದ್ದಳು. ಕಣ್ಣು ಗುಳಿಬಿದ್ದು, ಬೆರಳ ತುದಿ ಸುಕ್ಕುಗಟ್ಟಿ, ಕರೆದರೆ ಓಗೊಡುವಷ್ಟು ಶಕ್ತಿಯೂ ಅವಳಲ್ಲಿ ಇರಲಿಲ್ಲ. ಬಾಟಲಿ ಮುಗಿದಿದೆ, ಇನ್ನು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ಬಿಡದೆ ಕುಡಿಸುವುದೊಂದೇ ದಾರಿ, ಸಕ್ಕರೆಯಿಲ್ಲದಿದ್ದರೆ ಬೆಲ್ಲವಾದರೂ ಸರಿ ಎಂದಳು ಯಶೋದಮ್ಮ. ನಮ್ಮ ಟ್ರಂಕಿನ ಸಕ್ಕರೆ ತಂದು ಕುಡಿಸತೊಡಗಿದೆವು. ಸಂಜೆಯೊಳಗೆ ಅದೇ ಕೇರಿಯಲ್ಲಿ ಇನ್ನೂ ನಾಲ್ವರು ಮಲಗಿದರು; ಟ್ರಂಕು ಬರಿದಾಯಿತು.

ಕಬ್ಬಿನ ಸೀಮೆಯಲ್ಲಿ ಹುಟ್ಟಿ, ಹಿಡಿ ಸಿಹಿಗಾಗಿ ನಾನು ಮನೆಯಿಂದ ಮನೆಗೆ ಹೋದೆ. ಅಂಕಯ್ಯನ ಮನೆಯಲ್ಲಿ ಎರಡು ಹೇರು ಬೆಲ್ಲವಿದೆಯೆಂದು ಗಾಡಿ ಹೊಡೆದವರೇ ಹೇಳಿದ್ದರು. ಅವನು ಬಾಗಿಲು ತೆಗೆಯದೆ ಕಿಟಕಿಯಿಂದ, ‘ಒಳಕ್ಕೆ ಬರ್ಬೇಡಿ ಮೇಷ್ಟ್ರೇ, ಅಮ್ಮ ಅವ್ಳೆ. ಓಗಿ ಓಗಿ’ ಎಂದ. ಒಳಗಿನಿಂದ ಸಾಸಿವೆ ಬೆಳ್ಳುಳ್ಳಿಯ ಘಮ ಬೀದಿಗೆ ಬರುತ್ತಿತ್ತು. ಅಮ್ಮನಿರುವ ಮನೆಯಲ್ಲಿ ಒಗ್ಗರಣೆ ಹಾಕುತ್ತೀರೇನಯ್ಯ ಎಂದೆ. ‘ಮೂಗ್ ಚೆನ್ನಾಗದೆ ನಿಮ್ಗೆ’ ಎಂದು ಕಿಟಕಿ ಮುಚ್ಚಿದ. ಅವನ ಇಬ್ಬರು ಮಕ್ಕಳಿಗೂ ಮಗ್ಗಿ ಕಲಿಸಿದವನು ನಾನು.

ಸಕ್ಕರೆ ಕೊನೆಗೆ ಸಿಕ್ಕಿತು. ಎಲ್ಲಿ ಎಂಬುದನ್ನು ಈಗಲೇ ಬರೆದರೆ ಮುಂದಿನದನ್ನು ನೀನು ಓದುವುದಿಲ್ಲ. ಎರಡು ಸಲ ಎಸ್.ಎಸ್.ಎಲ್.ಸಿ. ತಪ್ಪಿದನೆಂದು ನೀನು ದಂಡಪಿಂಡವೆಂದು ಕರೆಯುತ್ತಿದ್ದ ಚಲುವರಾಜು ಮೂರು ದಿನದಿಂದ ಹಂಡೆಯಲ್ಲಿ ನೀರು ಕುದಿಸುತ್ತಿದ್ದಾನೆ. ಅಳತೆ ತಪ್ಪದಂತೆ ಉಪ್ಪು ಸಕ್ಕರೆ ಬೆರೆಸುತ್ತಾನೆ. ಬಾವಿಗೆ ಬ್ಲೀಚಿಂಗ್ ಪುಡಿ ಹಾಕಿದವನೂ ಅವನೇ. ಈ ಊರಿನ ಮೇಲೆ ನನಗಿನ್ನೂ ನಂಬಿಕೆ ಉಳಿದಿದ್ದರೆ ಅದು ಇಂಥ ಮಕ್ಕಳಿಂದ. ನಿನ್ನೆ ಬೆಳಿಗ್ಗೆ ಇಂದ್ರಮ್ಮ ಎದ್ದು ಗೋಡೆಗೊರಗಿ ಕುಳಿತಳು. ‘ಸ್ಕೂಲು ಸುರುವಾಗೋಯ್ತಾ ಸಾ?’ ಎಂದಳು. ಅಪ್ಪ ಹೋದದ್ದನ್ನು ಅವಳಿಗೆ ಇನ್ನೂ ಹೇಳಿಲ್ಲ. ಹೇಳುವ ಕೆಲಸ ನನ್ನ ಪಾಲಿನದು.

ನಿನ್ನ ಪಾಲಿನದೂ ಒಂದಿದೆ. ಹದಿನೇಳನೆಯ ತಾರೀಖು ಹಲಗೂರಿನ ಹೈಸ್ಕೂಲಿಗೆ ಸೇರಿಸುವ ದಿನ. ಅರ್ಜಿಯಲ್ಲಿ ಪೋಷಕರ ರುಜು ಬೇಕು. ಆ ಹುಡುಗಿ ಕಾಲೇಜು ಮುಗಿಸುವವರೆಗೂ ಆ ಜಾಗದಲ್ಲಿ ನಿನ್ನ ಹೆಸರಿರಬೇಕೆಂದು ನನ್ನ ಇಚ್ಛೆ. ಇಪ್ಪತ್ತೊಂದು ಎಳನೀರು ಕುಡಿದು ಬದುಕಿದವನು ನೀನು. ಅದಕ್ಕೆ ಮೊದಲು ದೇವಿರಮ್ಮನ ಮುಂದೆ ಹೋಗಿ ನಿಲ್ಲು. ಏನು ಹೇಳಬೇಕೆಂದು ನಾನು ಕಲಿಸಿಕೊಡುವುದಿಲ್ಲ. ನೀನು ಕೆಟ್ಟವನೆಂದು ನಾನು ಎಂದೂ ತಿಳಿದಿಲ್ಲ, ಈಗಲೂ ತಿಳಿಯುವುದಿಲ್ಲ. ಹಾಗೆ ತಿಳಿದಿದ್ದರೆ ಈ ಕಾಗದವನ್ನೇ ಬರೆಯುತ್ತಿರಲಿಲ್ಲ.

ನಿನ್ನ ಅತ್ತೆಮಾವಂದಿರಿಗೆ ನಮಸ್ಕಾರ ತಿಳಿಸು. ಮಗುವಿನ ತಲೆಯ ಮೇಲೆ ನನ್ನ ಪರವಾಗಿ ಒಂದು ಸಲ ಕೈಯಿಡು. ನಿನಗೆ ಆಯುಸ್ಸು ಸಿಗಲಿ, ಅದಕ್ಕೆ ತಕ್ಕ ಬುದ್ಧಿಯೂ ಸಿಗಲಿ.

ಇತಿ ನಿನ್ನ ಅಣ್ಣ,
ಅನಂತರಾಮು

ಮರೆತ ಮಾತು: ಚಲುವರಾಜು ಕಾಗದ ಹಿಡಿದು ಹೊರಡಲು ನಿಂತಿದ್ದಾನೆ, ಬೇಗ ಮುಗಿಸುತ್ತೇನೆ. ಗುರುವಾರ ಸಂಜೆ ನಿನ್ನ ಮನೆಯ ಬೀಗವನ್ನು ನಾನೇ ಹಾರೆಯಿಂದ ಒಡೆದೆ. ಸಕ್ಕರೆಯ ಮೂಟೆ ಅರ್ಧ ಮುಗಿದಿದೆ. ಆ ಕೇರಿಯ ನೆಲ ಒದ್ದೆ, ಅಲ್ಲಿ ಬಾವಿಯಿಲ್ಲ; ನಿನ್ನ ಹಿತ್ತಿಲಲ್ಲಿ ಇದೆ. ಆದ್ದರಿಂದ ಐವರನ್ನೂ ನಿನ್ನ ಮನೆಗೇ ತಂದು ಮಲಗಿಸಿದ್ದೇವೆ. ನಾಲ್ವರು ನಡುಮನೆಯಲ್ಲಿದ್ದಾರೆ, ಇಂದ್ರಮ್ಮ ಚೂಡಾಮಣಿಯ ಮಂಚದ ಮೇಲಿದ್ದಾಳೆ. ಜಾತಿಯವರು ಏನೆನ್ನುತ್ತಾರೆಂದು ಕೇಳಿ ಬರೆಯಬೇಡ; ಅನ್ನುವುದನ್ನೆಲ್ಲ ನನ್ನ ಮುಂದೆ ಅಂದಾಗಿದೆ. ನೀನು ಕಟ್ಟಿದ ಬೇವು ಒಣಗಿತ್ತು. ನೀನು ಹೇಳಿದಂತೆಯೇ ಹೊಸದು ಕಟ್ಟಿಸಿದ್ದೇನೆ. ಚಲುವರಾಜು ಮರದ ತುದಿಗೆ ಹತ್ತಿ ತಂದ. ಬಂದಾಗ ನೇರವಾಗಿ ಒಳಗೆ ನುಗ್ಗಬೇಡ, ಬಾಗಿಲನ್ನೂ ತಟ್ಟಬೇಡ. ಜಗಲಿಯ ತುದಿಯಲ್ಲಿ ಒಂದು ಎಳನೀರಿಟ್ಟು ಹೊರಗೆ ಕಾದಿರು. ಬೇವು ಕಟ್ಟಿರುವ ಮನೆ ಅದು.